ನಿರ್ಮಲಾ ಒಂದೇ ಸಾಕಾ? ಕಂಪ್ಯೂಟರ್‌ಗೆ ಕನ್ನಡ ಫಾಂಟ್ ಹಾಕಿಕೊಳ್ಳುವ ಬಗ್ಗೆ

ಹೊಸ ಲ್ಯಾಪ್‌ಟಾಪ್‌ನಲ್ಲಿ ಕನ್ನಡದ ಒಂದು ಸಾಲು ಟೈಪ್ ಮಾಡಿದರೆ ಸಾಮಾನ್ಯವಾಗಿ ಕಾಣುವ ಫಾಂಟ್‌ನ, ಅಂದರೆ ಅಕ್ಷರ ವಿನ್ಯಾಸದ, ಹೆಸರು ನಿರ್ಮಲಾ ಯುಐ. ವಿಂಡೋಸ್ 8ರಿಂದ ಈಚೆಗೆ ಅದು ಕಂಪ್ಯೂಟರ್ ಜೊತೆಯಲ್ಲೇ ಬರುತ್ತಿದೆ. ಅದಕ್ಕೂ ಮುಂಚೆ, ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ, ತುಂಗಾ ಇತ್ತು. ನಿರ್ಮಲಾ ಕೆಟ್ಟ ಫಾಂಟ್ ಅಲ್ಲ. ಮೆನು, ಬಟನ್, ಪರದೆ ಮೇಲಿನ ಸಣ್ಣಪುಟ್ಟ ಸೂಚನೆ, ಇವನ್ನೆಲ್ಲ ಓದಲು ಅದು ಚೆನ್ನಾಗಿಯೇ ಇದೆ, ಅದನ್ನು ಮಾಡಿದ್ದೇ ಅದಕ್ಕೆ. ಆದರೆ ಅದೇ ಅಕ್ಷರದಲ್ಲಿ ಐವತ್ತು ಪುಟ ಪ್ರಿಂಟ್ ತೆಗೆದು ಕೂತು ಓದಿ ನೋಡಿ. ಗೆರೆಗಳೆಲ್ಲ ಹೆಚ್ಚುಕಮ್ಮಿ ಒಂದೇ ದಪ್ಪ, ಪುಟಕ್ಕೆ ಏರಿಳಿತವೇ ಇರುವುದಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಸೋಲುತ್ತದೆ.

ನನಗೆ ಬೇಜಾರು ಯಾವುದಕ್ಕೆ ಗೊತ್ತಾ? ಇಂಗ್ಲಿಷ್‌ನಲ್ಲಿ ಒಂದು ಅರ್ಜಿ ಬರೆಯುವಾಗ ಟೈಮ್ಸ್ ಹಾಕೋಣವಾ, ಕ್ಯಾಲಿಬ್ರಿ ಹಾಕೋಣವಾ ಅಂತ ಒಂದು ಕ್ಷಣ ಯೋಚಿಸುವ ನಾವು ಕನ್ನಡದ ವಿಷಯ ಬಂದ ಕೂಡಲೇ ಯಂತ್ರ ಏನು ಕೊಟ್ಟಿತೋ ಅದರಲ್ಲೇ ಮುಗಿಸುತ್ತೇವೆ. ಕನ್ನಡಕ್ಕೆ ಒಳ್ಳೆಯ ಫಾಂಟ್ ಎಲ್ಲಿವೆ ಅಂತ ಕೇಳುವವರೂ ಇದ್ದಾರೆ. ಹದಿನೈದು ವರ್ಷದ ಹಿಂದೆ ಆ ಮಾತಿಗೆ ಅರ್ಥ ಇತ್ತು. ಈಗ ಇಲ್ಲ. ಕಾಸು ಕೊಡದೆ, ಕದಿಯದೆ, ನ್ಯಾಯವಾಗಿ ಇಳಿಸಿಕೊಳ್ಳಬಹುದಾದ ಒಳ್ಳೆಯ ಕನ್ನಡ ಫಾಂಟ್‌ಗಳು ಸಾಕಷ್ಟಿವೆ. ಹಾಕಿಕೊಳ್ಳಲು ಹೆಚ್ಚು ಹೊತ್ತೂ ಬೇಡ. ಯಾವುದನ್ನು ಹಾಕಬೇಕು, ಹಾಕಿದ ಮೇಲೆ ಏನು ನೋಡಬೇಕು ಅನ್ನುವುದೇ ಮುಖ್ಯ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಹಾಕುವ ಕೆಲಸವನ್ನು ಮೊದಲು ಮುಗಿಸೋಣ. ಗೂಗಲ್ ಫಾಂಟ್ಸ್ ತಾಣಕ್ಕೆ ಹೋಗಿ ಭಾಷೆ ಕನ್ನಡ ಅಂತ ಆರಿಸಿದರೆ ಕನ್ನಡ ಇರುವ ಫಾಂಟ್‌ಗಳು ಸಾಲಾಗಿ ಬರುತ್ತವೆ. ಬೇಕಾದ್ದನ್ನು ಇಳಿಸಿಕೊಂಡರೆ ಜಿಪ್ ಫೈಲ್ ಸಿಗುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಟ್ರಾಕ್ಟ್ ಆಲ್ ಅನ್ನಿ. ಜಿಪ್ ಒಳಗೇ ಇಣುಕಿ ನೋಡಿ ಇನ್‌ಸ್ಟಾಲ್ ಕಾಣುತ್ತಿಲ್ಲ ಅಂತ ಕೈಬಿಡುವವರು ಜಾಸ್ತಿ, ಮೊದಲು ಬಿಚ್ಚಬೇಕು. ಬಿಚ್ಚಿದ ಮೇಲೆ ಟಿಟಿಎಫ್ ಅಥವಾ ಒಟಿಎಫ್ ಅಂತ ಕೊನೆಯಾಗುವ ಫೈಲ್‌ನ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಒತ್ತಿ. ವಿಂಡೋಸ್ 11ರಲ್ಲಿ ಅದು ಕಾಣದಿದ್ದರೆ ಶೋ ಮೋರ್ ಆಪ್ಷನ್ಸ್ ಒತ್ತಿದರೆ ಸಿಗುತ್ತದೆ. ಬರೀ ಇನ್‌ಸ್ಟಾಲ್ ಒತ್ತಿದರೂ ಫಾಂಟ್ ಬರುತ್ತದೆ, ಆದರೆ ನಿಮ್ಮ ಖಾತೆಗೆ ಮಾತ್ರ. ಫೈಲ್ ಹೋಗಿ ಕೂರುವ ಜಾಗವೇ ಬೇರೆ. ಕೆಲವು ಹಳೆಯ ಪ್ರೋಗ್ರಾಂಗಳು ವಿಂಡೋಸ್‌ನ ಮುಖ್ಯ ಫಾಂಟ್ಸ್ ಫೋಲ್ಡರ್ ಬಿಟ್ಟು ಬೇರೆ ಕಡೆ ನೋಡುವುದೇ ಇಲ್ಲ, ಅಂಥವಕ್ಕೆ ಈ ಫಾಂಟ್ ಕಾಣುವುದಿಲ್ಲ. ಹಾಕಿದ ಮೇಲೆ ವರ್ಡ್ ತೆರೆದಿದ್ದರೆ ಮುಚ್ಚಿ ಮತ್ತೆ ತೆಗೆಯಿರಿ.

ಮ್ಯಾಕ್‌ನಲ್ಲಿ ಫೈಲ್ ಮೇಲೆ ಎರಡು ಸಲ ಒತ್ತಿದರೆ ಫಾಂಟ್ ಬುಕ್ ತೆರೆದುಕೊಳ್ಳುತ್ತದೆ, ಅಲ್ಲಿ ಇನ್‌ಸ್ಟಾಲ್ ಒತ್ತಿದರೆ ಆಯಿತು. ಲಿನಕ್ಸ್ ಬಳಸುವವರು ಹೋಮ್ ಫೋಲ್ಡರ್‌ನೊಳಗಿನ ಡಾಟ್ ಲೋಕಲ್, ಅದರೊಳಗಿನ ಶೇರ್, ಅದರೊಳಗೆ ಫಾಂಟ್ಸ್ ಅನ್ನುವ ಫೋಲ್ಡರ್‌ಗೆ ಫೈಲ್ ಹಾಕಿ ಎಫ್‌ಸಿ-ಕ್ಯಾಶ್ ಅನ್ನುವ ಆದೇಶ ಓಡಿಸಿದರೆ ಸಾಕು. ಒಂದು ಎಚ್ಚರ ಎಲ್ಲರಿಗೂ ಬೇಕು. ಫಾಂಟ್ ಅಂತ ಇಳಿಸಿಕೊಂಡದ್ದು ಇಎಕ್ಸ್‌ಇ ಫೈಲ್ ಆಗಿದ್ದರೆ, ಅದು ನುಡಿ, ಬರಹದಂಥ ಗೊತ್ತಿರುವ ಕನ್ನಡ ಟೈಪಿಂಗ್ ತಂತ್ರಾಂಶ ಅಲ್ಲದಿದ್ದರೆ, ಮುಟ್ಟಬೇಡಿ. ಫಾಂಟ್‌ಗೆ ಇಎಕ್ಸ್‌ಇ ಬೇಕಾಗಿಲ್ಲ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಕನ್ನಡ ಫಾಂಟ್‌ಗಳಲ್ಲಿ ಎರಡು ಜಾತಿ ಇವೆ. ಹೊರಗಿನಿಂದ ನೋಡಿದರೆ ಎರಡೂ ಕನ್ನಡವೇ. ಒಳಗೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ. ಇದು ಗೊತ್ತಿಲ್ಲದೆ ಫಾಂಟ್ ಮೇಲೆ ಫಾಂಟ್ ಹಾಕಿ ಸುಸ್ತಾದವರನ್ನು ಮೈಸೂರಲ್ಲೂ ಮಂಡ್ಯದಲ್ಲೂ ಬೇಕಾದಷ್ಟು ಜನರನ್ನು ನೋಡಿದ್ದೇನೆ.

ನನ್ನ ದೊಡ್ಡಪ್ಪ ಮದ್ದೂರು ಕಡೆಯವರು. ಮೇಷ್ಟ್ರಾಗಿ ನಿವೃತ್ತರಾದವರು. ಊರಿನ ಬಗ್ಗೆ ತಮಗೆ ಗೊತ್ತಿದ್ದದ್ದನ್ನೆಲ್ಲ ವರ್ಷಗಳಿಂದ ಟೈಪ್ ಮಾಡುತ್ತಾ ಬಂದಿದ್ದಾರೆ. ನಾಲೆ ನೀರು ಬರುವುದಕ್ಕೆ ಮುಂಚೆ ಎಲ್ಲೆಲ್ಲಿ ರಾಗಿ ಹೊಲ ಇತ್ತು, ಯಾರ ಆಲೆಮನೆ ಎಲ್ಲಿತ್ತು, ಮಾರಿಹಬ್ಬಕ್ಕೆ ಯಾವ ಮನೆಯಿಂದ ಏನು ಬರಬೇಕಿತ್ತು, ಇಂಥವೆಲ್ಲ. ಬೇರೆ ಎಲ್ಲೂ ಸಿಗದ ಮಾಹಿತಿ ಅದು. ಎಲ್ಲ ನುಡಿಯಲ್ಲಿ ಮಾಡಿದ ಟೈಪಿಂಗ್. ಮಗಳು ಹೊಸ ಲ್ಯಾಪ್‌ಟಾಪ್ ಕೊಡಿಸಿದಳು. ಪೆನ್‌ಡ್ರೈವ್‌ನಿಂದ ಫೈಲ್ ಹಾಕಿ ತೆಗೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಮಧ್ಯೆ ಮಧ್ಯೆ ಪೌಂಡ್ ಗುರುತು, ತಲೆ ಮೇಲೆ ಓರೆ ಗೆರೆ ಇಟ್ಟುಕೊಂಡ ಎ ಅಕ್ಷರ ಸಾಲುಸಾಲಾಗಿ. ತಕ್ಷಣ ಫೋನ್ ಬಂತು.

"ಏನ್ ಮಗ ಇದು, ನಾನ್ ಬರ್ದಿದ್ದೆಲ್ಲ ಎಲ್ಲೋಯ್ತು?"

"ಎಲ್ಲೂ ಹೋಗಿಲ್ಲ ದೊಡ್ಡಪ್ಪ. ಫಾಂಟ್ ಇಲ್ಲ, ಅಷ್ಟೇ."

"ಹಂಗಾದ್ರೆ ಫಾಂಟ್ ಹಾಕ್ಬುಡು ಬಾ."

ಅವರು ಹೇಳಿದ್ದು ಸರಿಯೇ. ನುಡಿ ಫಾಂಟ್ ಹಾಕಿದೆವು, ಅಕ್ಷರ ಬಂತು, ಅವರ ಮುಖವೂ ಅರಳಿತು. ಆದರೆ ಅದೇ ಫೈಲನ್ನು ಬೆಂಗಳೂರಿನಲ್ಲಿರುವ ಮಗಳ ಫೋನಿಗೆ ಕಳಿಸಿದರೆ ಅಲ್ಲಿ ಮತ್ತೆ ಅದೇ ಪೌಂಡ್ ಗುರುತು. "ನನ್ ಹತ್ರ ಬತ್ತದೆ, ಅವಳ ಹತ್ರ ಯಾಕ್ ಬರಲ್ಲ?" ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆ ಅದೇ.

ಕಂಪ್ಯೂಟರ್ ಅಕ್ಷರವನ್ನು ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ, ಅಂಕಿಯಾಗಿ ಇಟ್ಟುಕೊಳ್ಳುತ್ತದೆ. ಯೂನಿಕೋಡ್ ಅಂದರೆ ಪ್ರಪಂಚದ ಭಾಷೆಗಳ ಅಕ್ಷರಗಳಿಗೆ ಒಂದೊಂದು ಅಂಕಿ ಕೊಟ್ಟಿರುವ ಪಟ್ಟಿ. ಅದರಲ್ಲಿ ಕನ್ನಡಕ್ಕೆ ಅಂತಲೇ 3200ರಿಂದ 3327ರವರೆಗೆ 128 ಜಾಗ ಮೀಸಲಾಗಿದೆ. ಅಲ್ಲಿ ಕ ಅಂದರೆ 3221. ಪ್ರಪಂಚದ ಯಾವ ಯಂತ್ರದಲ್ಲಾದರೂ 3221 ಅಂದರೆ ಕ, ಬೇರೇನೂ ಅಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ ಬರೆದ ಫೈಲ್‌ನಲ್ಲಿ ಈ 3221 ಇರುವುದೇ ಇಲ್ಲ. ಅಲ್ಲಿರುವುದು 80 ಮತ್ತು 192. ಕಂಪ್ಯೂಟರ್ ಲೆಕ್ಕದಲ್ಲಿ 80 ಅಂದರೆ ಇಂಗ್ಲಿಷಿನ ದೊಡ್ಡ ಪಿ, 192 ಅಂದರೆ ಓರೆ ಗೆರೆ ಹೊತ್ತ ಎ. ನುಡಿ ಫಾಂಟ್ ಆ ಪಿ ಇರುವ ಜಾಗದಲ್ಲಿ ತಲೆಕಟ್ಟಿಲ್ಲದ ಕ ಚಿತ್ರವನ್ನೂ, ಆ ಎ ಜಾಗದಲ್ಲಿ ತಲೆಕಟ್ಟನ್ನೂ ಇಟ್ಟಿದೆ. ಎರಡೂ ಪಕ್ಕಪಕ್ಕ ಬಂದಾಗ ನಮ್ಮ ಕಣ್ಣಿಗೆ ಕ ಕಾಣುತ್ತದೆ. ಫಾಂಟ್ ತೆಗೆದರೆ ಉಳಿಯುವುದು ಪಿ ಮತ್ತು ಎ. ನ ಅಕ್ಷರ ಇರುವ ಕಡೆಯೆಲ್ಲ ಪೌಂಡ್ ಗುರುತು ಕಾಣುವುದೂ ಇದಕ್ಕೇ.

ಹಾಗಂತ ನುಡಿಯನ್ನೋ ಬರಹವನ್ನೋ ಹಗುರವಾಗಿ ಕಾಣಬಾರದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ಜನರ ಕೈಯಲ್ಲಿದ್ದ ಕಂಪ್ಯೂಟರ್‌ಗೆ ಒತ್ತಕ್ಷರ ಜೋಡಿಸಲು ಬರದಿದ್ದ ಕಾಲ ಅದು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ನುಡಿ ಮಾಡಿತು. ಇವೆರಡೂ ಇಲ್ಲದಿದ್ದರೆ ತಾಲ್ಲೂಕು ಕಚೇರಿಯಿಂದ ಹಿಡಿದು ಮದುವೆ ಕಾರ್ಡಿನ ಅಂಗಡಿವರೆಗೆ ಕಂಪ್ಯೂಟರ್‌ನಲ್ಲಿ ಕನ್ನಡ ಅಷ್ಟು ಬೇಗ ಬರುತ್ತಿರಲಿಲ್ಲ. ಇದ್ದ ದಾರಿಯಲ್ಲಿ ಸಾಧ್ಯವಾದ್ದನ್ನು ಅವರು ಮಾಡಿದರು. ಈಗ ಅವೂ ಯೂನಿಕೋಡ್ ಕೊಡುತ್ತವೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕೈಗೆ ಕೂತಿರುವವರು ಅದೇ ಕೀಲಿಗಳನ್ನು ಒತ್ತುತ್ತಾ ಯೂನಿಕೋಡ್‌ನಲ್ಲಿ ಬರೆಯಬಹುದು. ಟೈಪಿಂಗ್ ಮತ್ತೆ ಕಲಿಯಬೇಕು ಅನ್ನುವ ಭಯಕ್ಕೆ ಹಳೆಯ ಫಾಂಟ್‌ನಲ್ಲೇ ಉಳಿದವರು ಬಹಳ ಜನ ಇದ್ದಾರೆ. ಆ ಭಯ ಬೇಡ. ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ, ಬದಲಾದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ನಿಮ್ಮ ಹತ್ತಿರ ಇರುವ ಫೈಲ್ ಯಾವ ಜಾತಿಯದು ಅಂತ ತಿಳಿಯಲು ಸುಲಭದ ದಾರಿ ಇದೆ. ಒಂದು ಪ್ಯಾರಾ ಆರಿಸಿಕೊಂಡು ಫಾಂಟನ್ನು ಟೈಮ್ಸ್ ನ್ಯೂ ರೋಮನ್ ಮಾಡಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ ಹಳೆಯದು. ಇದನ್ನು ತಿಳಿಯದೆ ಹಳೆಯ ಫೈಲ್‌ಗೆ ನೋಟೋ ಥರದ ಯೂನಿಕೋಡ್ ಫಾಂಟ್ ಹಾಕಿ "ಈ ಫಾಂಟ್ ಕೆಲಸ ಮಾಡಲ್ಲ" ಅನ್ನುತ್ತಾರೆ. ಯೂನಿಕೋಡ್ ಫೈಲ್‌ಗೆ ನುಡಿಯ ಹಳೆಯ ಫಾಂಟ್ ಹಾಕಿ "ಅಕ್ಷರ ಬದಲಾಗ್ತಾನೇ ಇಲ್ಲ" ಅಂತಲೂ ಅನ್ನುತ್ತಾರೆ. ಎರಡು ಕಡೆಯೂ ಫಾಂಟ್‌ನ ತಪ್ಪಿಲ್ಲ.

ಹಳೆಯ ಫೈಲ್ ಪರದೆಯಲ್ಲಿ ಕಾಣುತ್ತದಲ್ಲ, ಸಾಕಲ್ವಾ ಅನ್ನಬಹುದು. ಸಾಲದು. ಅದರಲ್ಲಿ ಆಲೆಮನೆ ಅಂತ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಆಲೆಮನೆ ಅನ್ನುವ ಪದವೇ ಆ ಫೈಲ್‌ನಲ್ಲಿ ಇಲ್ಲ. ಇಂಟರ್ನೆಟ್‌ಗೆ ಹಾಕಿದರೆ ಯಾವ ಹುಡುಕಾಟಕ್ಕೂ ಅದು ಸಿಕ್ಕುವುದಿಲ್ಲ. ಕಣ್ಣು ಕಾಣದವರು ಎನ್‌ವಿಡಿಎ ಥರದ ಓದುಗ ತಂತ್ರಾಂಶ ಹಾಕಿಕೊಂಡು ಯೂನಿಕೋಡ್ ಕನ್ನಡವನ್ನು ಕೇಳಿಸಿಕೊಳ್ಳುತ್ತಾರೆ. ಅವರಿಗೆ ಈ ಹಳೆಯ ಫೈಲ್ ಕೊಟ್ಟರೆ ಅದು ಪಿ, ಎ, ಪೌಂಡ್ ಅಂತ ಓದುತ್ತದೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುತ್ತದೆ. ಇವತ್ತಿಗೂ ಹಳೆಯ ಫಾಂಟ್‌ನಲ್ಲೇ ಸ್ಮರಣ ಸಂಚಿಕೆ, ಸುತ್ತೋಲೆ ಮಾಡುತ್ತಾ ಹೋದರೆ ಒಂದಷ್ಟು ಓದುಗರನ್ನು ನಾವೇ ಹೊರಗೆ ನಿಲ್ಲಿಸಿದ ಹಾಗೆ.

ದೊಡ್ಡಪ್ಪನ ಬರವಣಿಗೆಯನ್ನು ಯೂನಿಕೋಡ್‌ಗೆ ತಂದೆವು. ಇದಕ್ಕೆ ಪರಿವರ್ತಕಗಳು ಇವೆ, ಬ್ರೌಸರ್‌ನಲ್ಲೇ ಕೆಲಸ ಮಾಡುವಂಥವೂ ಇವೆ. ಹಳೆಯದನ್ನು ಒಂದು ಕಡೆ ಅಂಟಿಸಿದರೆ ಇನ್ನೊಂದು ಕಡೆ ಯೂನಿಕೋಡ್ ಬರುತ್ತದೆ. ಆದರೆ ಬಂದದ್ದನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಮೂರು ಕಡೆ ಎಡವುತ್ತದೆ. ಮೊದಲನೆಯದು ಅರ್ಕಾವೊತ್ತು. ಹಳೆಯ ಫಾಂಟ್‌ನಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚರಿಸುವ ಹಾಗೆ ರ್ ಮೊದಲು ಬರಬೇಕು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು, ಒತ್ತಕ್ಷರದ ಜೊತೆ ಸೇರಿಕೊಂಡಾಗ ಒಮ್ಮೊಮ್ಮೆ ತಪ್ಪು ಜಾಗಕ್ಕೆ ಇಡುತ್ತದೆ. ಎರಡನೆಯದು ಪಠ್ಯದ ಮಧ್ಯೆ ಇರುವ ನಿಜವಾದ ಇಂಗ್ಲಿಷ್ ಪದಗಳು. ಪರಿವರ್ತಕಕ್ಕೆ ಯಾವುದು ವೇಷ ಹಾಕಿದ ಕನ್ನಡ, ಯಾವುದು ಅಸಲಿ ಇಂಗ್ಲಿಷ್ ಅಂತ ತಿಳಿಯುವುದಿಲ್ಲ, ಸಿಕ್ಕಿದ್ದನ್ನೆಲ್ಲ ಕನ್ನಡ ಮಾಡಿಬಿಡುತ್ತದೆ. ಹೆಸರು, ವಿಳಾಸ, ಇ-ಮೇಲ್ ಇರುವ ಕಡೆ ಅದನ್ನು ಬೇರೆ ಎತ್ತಿಟ್ಟು ಆಮೇಲೆ ಸೇರಿಸಿ. ಮೂರನೆಯದು ಇನ್‌ಸ್ಪೆಕ್ಟರ್, ಸಾಫ್ಟ್‌ವೇರ್ ಥರದ ಪದಗಳು. ಅರ್ಧಾಕ್ಷರ ಅರ್ಧವಾಗಿಯೇ ನಿಲ್ಲಬೇಕಾದರೆ ಯೂನಿಕೋಡ್‌ನಲ್ಲಿ ಎರಡರ ಮಧ್ಯೆ ಕಣ್ಣಿಗೆ ಕಾಣದ ಒಂದು ತಡೆ ಗುರುತು ಬೇಕು. ಅದು ಇಲ್ಲದಿದ್ದರೆ ಇನ್ಸ್ಪೆಕ್ಟರ್, ಸಾಫ್ಟ್ವೇರ್ ಅಂತ ಒತ್ತುಗಳು ಒಂದರ ಕೆಳಗೊಂದು ಹೋಗಿ ಸೇರಿಕೊಳ್ಳುತ್ತವೆ. ಓದಿ ತಿದ್ದುವುದೇ ದಾರಿ. ಸಂಜೆ ಹೊತ್ತು ದೊಡ್ಡಪ್ಪ ಗಟ್ಟಿಯಾಗಿ ಓದುತ್ತಾ ಹೋದರು, ನಾನು ತಿದ್ದುತ್ತಾ ಹೋದೆ. ಕೊಪ್ಪರಿಗೆ, ಅಚ್ಚುಬೆಲ್ಲ, ಗಾಣ ಅಂತ ಓದುವಾಗ ಪ್ರತಿಯೊಂದಕ್ಕೂ ಒಂದೊಂದು ಕಥೆ ಬರುತ್ತಿತ್ತು. ಅದರಲ್ಲಿ ಕೆಲವು, ಈ ಬರವಣಿಗೆಯಿಂದ ಮಾಡಿದ ಪುಸ್ತಕಕ್ಕೂ ಸೇರಿದವು.

ಇನ್ನು ಯಾವ ಫಾಂಟ್ ಅನ್ನುವ ಪ್ರಶ್ನೆ. ಹೊಸ ಕನ್ನಡ ಫಾಂಟ್ ಹಾಕಿದ ಕೂಡಲೇ ನಾನು ಬರೆದು ನೋಡುವ ಪದಗಳಿವೆ. ಸ್ವಾತಂತ್ರ್ಯ, ಲಕ್ಷ್ಮಿ, ರಾಷ್ಟ್ರ, ತ್ರೈಮಾಸಿಕ, ಉಜ್ಜ್ವಲ, ಕಾರ್ತೀಕ, ಶ್ರೀರಂಗಪಟ್ಟಣ. ಸ್ವಾತಂತ್ರ್ಯದ ಕೊನೆಯಲ್ಲಿ ತ ಕೆಳಗೆ ರ ಒತ್ತು, ಅದರ ಪಕ್ಕ ಯ ಒತ್ತು ಬರಬೇಕು. ಎರಡೂ ಒಂದರ ಮೇಲೊಂದು ಬಿದ್ದರೆ ಆ ಫಾಂಟ್‌ನಲ್ಲಿ ಕೆಲಸ ಮುಗಿದಿಲ್ಲ ಅಂತ ಅರ್ಥ. ತ್ರೈಮಾಸಿಕದಲ್ಲಿ ಐತ್ವದ ಕೆಳಗಿನ ಬಾಲವೂ ರ ಒತ್ತೂ ಒಂದೇ ಜಾಗಕ್ಕೆ ಬರುತ್ತವೆ. ಒಳ್ಳೆಯ ಫಾಂಟ್‌ನಲ್ಲಿ ಎರಡೂ ಸರಿದು ಕೂರುತ್ತವೆ, ಕೆಟ್ಟದ್ದರಲ್ಲಿ ಗುದ್ದಾಡುತ್ತವೆ. ಹಳಗನ್ನಡ ಪದ್ಯ ಟೈಪ್ ಮಾಡುವವರು ಱ ಮತ್ತು ೞ ಇವೆಯಾ ಅಂತಲೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಆ ಅಕ್ಷರವನ್ನು ಮಾತ್ರ ಬೇರೆ ಫಾಂಟ್‌ನಿಂದ ತಂದು ಇಡುತ್ತದೆ, ಪದದ ಮಧ್ಯೆ ಒಂದೇ ಅಕ್ಷರ ಬೇರೆ ಥರ ಕಾಣುತ್ತದೆ.

ದಪ್ಪ ಅಕ್ಷರದ ವಿಷಯ ಇದಕ್ಕಿಂತ ಮುಖ್ಯ, ಮತ್ತು ಇದನ್ನು ಯಾರೂ ಗಮನಿಸುವುದಿಲ್ಲ. ವರ್ಡ್‌ನಲ್ಲಿ ಬಿ ಒತ್ತಿದರೆ ಅಕ್ಷರ ದಪ್ಪವಾಗುತ್ತದೆ. ಆ ಫಾಂಟ್‌ಗೆ ಬೋಲ್ಡ್ ಅಂತ ಬೇರೆ ಫೈಲ್ ಇದ್ದರೆ ಕಲಾವಿದರು ಬರೆದ ನಿಜವಾದ ದಪ್ಪ ಅಕ್ಷರ ಬರುತ್ತದೆ. ಇಲ್ಲದಿದ್ದರೆ ಕಂಪ್ಯೂಟರ್ ಇದ್ದ ಗೆರೆಯನ್ನೇ ಹಿಗ್ಗಿಸಿ ದಪ್ಪ ಮಾಡುತ್ತದೆ. ಇಂಗ್ಲಿಷ್‌ನಲ್ಲಿ ಅದು ಅಷ್ಟು ತೊಂದರೆ ಕೊಡದೇ ಇರಬಹುದು. ಕನ್ನಡದಲ್ಲಿ ಕೊಡುತ್ತದೆ. ನಮ್ಮ ಠ ಮತ್ತು ರ ನಡುವೆ ಇರುವ ವ್ಯತ್ಯಾಸ ಒಳಗಿನ ಒಂದು ಚುಕ್ಕೆ. ಥ ಮತ್ತು ಧ ನಡುವೆಯೂ ಹಾಗೇ. ಗೆರೆ ಹಿಗ್ಗಿ ಒಳಗಿನ ಜಾಗ ಮುಚ್ಚಿಕೊಂಡರೆ, ಅದರಲ್ಲೂ ಸಣ್ಣ ಗಾತ್ರದಲ್ಲಿ ಜೆರಾಕ್ಸ್ ಮಾಡಿದಾಗ, ಮಠ ಯಾವುದು ಮರ ಯಾವುದು ಅಂತ ತಿಳಿಯುವುದಿಲ್ಲ. ದೊಡ್ಡಪ್ಪನ ಬರವಣಿಗೆಯಲ್ಲಿ ಊರಿನ ಮಠದ ಜಮೀನಿನ ಬಗ್ಗೆ ಒಂದು ಅಧ್ಯಾಯವೇ ಇದೆ. ಅದರ ತಲೆಬರಹ ಮರದ ಜಮೀನು ಅಂತ ಕಂಡರೆ ಹೇಗೆ? ಅದಕ್ಕೇ ನಿಜವಾದ ಬೋಲ್ಡ್ ಇರುವ ಫಾಂಟನ್ನೇ ಆರಿಸಿಕೊಂಡೆವು.

ಪುಸ್ತಕಕ್ಕೆ ಹಾಕಿದ್ದು ನೋಟೋ ಸೆರಿಫ್ ಕನ್ನಡ. ತೆಳುವಿನಿಂದ ಬಹಳ ದಪ್ಪದವರೆಗೆ ಒಂಬತ್ತು ತೂಕ, ಅಂದರೆ ದಪ್ಪದ ಹಂತಗಳು, ಇವೆ. ಗೆರೆಯಲ್ಲಿ ದಪ್ಪ ತೆಳು ಇರುವುದರಿಂದ ಅಚ್ಚಿನಲ್ಲಿ ಓದಲು ಹಿತ. ಟಿರೋ ಕನ್ನಡ ನನಗೆ ಇನ್ನೂ ಇಷ್ಟ, ಹಳೆಯ ಮೊಳೆ ಅಚ್ಚಿನ ಪುಸ್ತಕ ಓದಿ ಬೆಳೆದವರಿಗೆ ಅದರ ಪುಟ ಮನೆಯದು ಅನ್ನಿಸುತ್ತದೆ. ಆದರೆ ಅದರಲ್ಲಿ ಸಾದಾ ಮತ್ತು ಓರೆ ಮಾತ್ರ ಇವೆ, ಬೋಲ್ಡ್ ಇಲ್ಲ. ಕಥೆ, ಪ್ರಬಂಧಕ್ಕೆ ಬಳಸಿ, ತಲೆಬರಹವನ್ನು ದಪ್ಪ ಮಾಡುವ ಬದಲು ಗಾತ್ರ ಹೆಚ್ಚಿಸಿ. ಕರಪತ್ರ, ಬ್ಯಾನರ್, ಶಾಲಾ ವಾರ್ಷಿಕೋತ್ಸವದ ಆಹ್ವಾನ ಅಂಥದ್ದಕ್ಕೆ ಬಲೂ ತಮ್ಮ ಅಥವಾ ಅನೇಕ್ ಕನ್ನಡ ಚೆನ್ನ. ಎರಡನ್ನೂ ಮಾಡಿದ್ದು ಏಕ್ ಟೈಪ್ ಅನ್ನುವ ಫಾಂಟ್ ತಯಾರಕರು. ಅನೇಕ್‌ನಲ್ಲಿ ಅಗಲ ಕೂಡ ಹೆಚ್ಚುಕಮ್ಮಿ ಮಾಡಬಹುದು, ಶ್ರೀರಂಗಪಟ್ಟಣದಂಥ ಉದ್ದದ ಹೆಸರನ್ನು ಸಣ್ಣ ಜಾಗದಲ್ಲಿ ಕೂರಿಸಲು ಅದು ತುಂಬಾ ಸಹಾಯ. ಕೈಬರಹದ ಥರ ಬೇಕಾದರೆ ನವಿಲು ಇದೆ. ಲಿನಕ್ಸ್‌ನವರಿಗೆ ಗುಬ್ಬಿ, ಲೋಹಿತ್ ಅವರ ತಂತ್ರಾಂಶ ಭಂಡಾರದಲ್ಲೇ ಸಿಗುತ್ತವೆ. ಮತ್ತೆ, ಹಳೆಯ ಫೈಲ್‌ಗಳು ತುಂಗಾದಲ್ಲಿ ಇದ್ದು ಹೊಸ ಕಂಪ್ಯೂಟರ್‌ನಲ್ಲಿ ಪುಟದ ಲೆಕ್ಕ ಏರುಪೇರಾಗಿದ್ದರೆ, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಹುಡುಕಿ, ಅಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿದರೆ ತುಂಗಾ ವಾಪಸ್ ಬರುತ್ತದೆ.

ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳಬೇಡಿ. ನಾಲ್ಕೈದು ಸಾಕು. ಪಟ್ಟಿ ಉದ್ದವಾದಷ್ಟೂ ಹುಡುಕುವುದು ಕಷ್ಟ.

ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ಜಿಪ್ ಒಳಗೆ ಹಲವು ಸಲ ಎರಡು ಥರ ಇರುತ್ತದೆ. ಹೊರಗೆ ವೇರಿಯೇಬಲ್ ಅಂತ ಬರೆದ ಒಂದು ಫೈಲ್, ಜೊತೆಗೆ ಸ್ಟ್ಯಾಟಿಕ್ ಅಂತ ಒಂದು ಫೋಲ್ಡರ್. ವೇರಿಯೇಬಲ್ ಅಂದರೆ ಎಲ್ಲ ತೂಕವೂ ಒಂದೇ ಫೈಲ್‌ನಲ್ಲಿ. ವೆಬ್‌ಸೈಟ್‌ಗೆ ಅದು ಒಳ್ಳೆಯದು, ವರ್ಡ್‌ಗೆ ಸರಿಯಾಗಿ ಒಗ್ಗುವುದಿಲ್ಲ. ವರ್ಡ್‌ನಲ್ಲಿ ಕೆಲಸ ಮಾಡುವವರು ಸ್ಟ್ಯಾಟಿಕ್ ಫೋಲ್ಡರ್‌ನಿಂದ ರೆಗ್ಯುಲರ್ ಮತ್ತು ಬೋಲ್ಡ್ ಎರಡನ್ನು ಹಾಕಿಕೊಂಡರೆ ಸಾಕು. ಎರಡು ಥರವನ್ನೂ ಒಟ್ಟಿಗೆ ಹಾಕಬೇಡಿ, ಒಂದೇ ಹೆಸರು ಇರುವುದರಿಂದ ಗೊಂದಲ ಆಗುತ್ತದೆ.

ವರ್ಡ್‌ನಲ್ಲಿ ಹೆಸರು ಬದಲಾದರೂ ಅಕ್ಷರ ಬದಲಾಗದಿದ್ದರೆ ಕಂಟ್ರೋಲ್ ಮತ್ತು ಡಿ ಒತ್ತಿ. ಅಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಅಂತ ಬೇರೆ ಜಾಗ ಇರುತ್ತದೆ. ವರ್ಡ್ ಕನ್ನಡವನ್ನು ಆ ಗುಂಪಿಗೆ ಸೇರಿಸಿದೆ, ಆದ್ದರಿಂದ ಅಲ್ಲಿ ಕನ್ನಡ ಫಾಂಟ್ ಆರಿಸಬೇಕು. ಆ ಜಾಗ ಕಾಣದಿದ್ದರೆ ಆಫೀಸ್‌ನ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ. ಲಿಬ್ರೆ ಆಫೀಸ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಅದರೊಳಗೆ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಗುರುತು ಹಾಕಿದರೆ ಸಿಟಿಎಲ್ ಫಾಂಟ್ ಅಂತ ಬೇರೆಯಾಗಿ ಕೇಳುತ್ತದೆ. ಒಂದು ಸಲ ಮಾಡಿದರೆ ಆಯಿತು.

ಸಾಲಿನ ಅಂತರವನ್ನು ಎಕ್ಸಾಕ್ಟ್‌ಲಿ ಅಂತ ಇಡಬೇಡಿ. ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಮತ್ತೆ, 12 ಪಾಯಿಂಟ್ ಅಂದರೆ ಎಲ್ಲ ಫಾಂಟ್‌ನಲ್ಲೂ ಒಂದೇ ಗಾತ್ರ ಅಲ್ಲ. ಒಂದರಲ್ಲಿ ಸಣ್ಣದಾಗಿ, ಇನ್ನೊಂದರಲ್ಲಿ ದೊಡ್ಡದಾಗಿ ಕಾಣುತ್ತದೆ. ಅಂಕಿ ನೋಡಿ ನಿರ್ಧರಿಸದೆ ಒಂದು ಪುಟ ಪ್ರಿಂಟ್ ತೆಗೆದು ಮನೆಯಲ್ಲಿ ಹಿರಿಯರ ಕೈಗೆ ಕೊಟ್ಟು ಓದಿಸಿ.

ಕೊನೆಗೆ ಅಚ್ಚಿನ ಮಾತು. ಮೈಸೂರಿನಲ್ಲಿ ಒಂದು ಡಿಟಿಪಿ ಅಂಗಡಿಗೆ ದೊಡ್ಡಪ್ಪನ ಫೈಲ್ ತೆಗೆದುಕೊಂಡು ಹೋದಾಗ "ಯೂನಿಕೋಡ್ ಬೇಡ ಸಾರ್, ನಮ್ಮದು ಪೇಜ್‌ಮೇಕರ್, ಮತ್ತೆ ಟೈಪ್ ಮಾಡಿಸ್ಬೇಕು" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಆದರೆ ಅದಕ್ಕಾಗಿ ಇಡೀ ಪುಸ್ತಕವನ್ನು ಮತ್ತೆ ಹಳೆಯ ಫಾಂಟ್‌ಗೆ ತಳ್ಳುವುದು, ಅದರಲ್ಲಿ ಹೊಸ ತಪ್ಪುಗಳು ಸೇರುವುದು ನನಗೆ ಒಪ್ಪಿಗೆ ಆಗಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಅದೇ ಕೆಲಸಕ್ಕೆ ಬಳಸುವ ಇನ್‌ಡಿಸೈನ್ ಇತ್ತು. ಅಲ್ಲಿ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಮಂಡ್ಯ ಅನ್ನುವುದು ಮಂಡ್‌ಯ ಅಂತ ಬಿಡಿಬಿಡಿಯಾಗಿ ಬರುತ್ತದೆ, ಆರಿಸಿದರೆ ಸರಿಹೋಗುತ್ತದೆ. ಬೀದಿಯಲ್ಲಿ ಒತ್ತು ಬಿಟ್ಟುಹೋದ ಫ್ಲೆಕ್ಸ್ ಕಂಡಾಗಲೆಲ್ಲ ಇಂಥದ್ದೇ ಒಂದು ಸೆಟ್ಟಿಂಗ್ ತಪ್ಪಿರುವ ಸಾಧ್ಯತೆ ಜಾಸ್ತಿ. ಫಾಂಟನ್ನು ಬೈಯುವ ಮುಂಚೆ ಅಂಗಡಿಯವರಿಗೆ ಇದನ್ನು ಹೇಳಿ ನೋಡಿ, ಹೇಳಿದರೆ ಬಹಳ ಜನ ಸಂತೋಷದಿಂದಲೇ ಕೇಳುತ್ತಾರೆ.

ಪುಟ ವಿನ್ಯಾಸವನ್ನೆಲ್ಲ ವರ್ಡ್‌ನಲ್ಲೇ ಮುಗಿಸುವವರಾದರೆ ವರ್ಡ್ ಫೈಲ್ ಕೊಡಬೇಡಿ, ಪಿಡಿಎಫ್ ಮಾಡಿ ಕೊಡಿ. ಪಿಡಿಎಫ್ ಒಳಗೆ ಫಾಂಟ್ ಕೂಡ ಸೇರಿಕೊಂಡು ಹೋಗುತ್ತದೆ, ಅಂಗಡಿಯಲ್ಲಿ ಆ ಫಾಂಟ್ ಇದ್ದರೂ ಇಲ್ಲದಿದ್ದರೂ ಪುಟ ಹಾಗೇ ಬರುತ್ತದೆ. ಸೇರಿದೆಯಾ ಅಂತ ನೋಡಲು ಅಕ್ರೊಬ್ಯಾಟ್ ರೀಡರ್‌ನಲ್ಲಿ ಫೈಲ್ ತೆರೆದು ಪ್ರಾಪರ್ಟೀಸ್‌ಗೆ ಹೋಗಿ ಫಾಂಟ್ಸ್ ಒತ್ತಿ. ಹೆಸರಿನ ಪಕ್ಕ ಎಂಬೆಡೆಡ್ ಅಂತ ಇರಬೇಕು. ವರ್ಡ್ ಫೈಲನ್ನೇ ಕೊಡಲೇಬೇಕಾಗಿ ಬಂದರೆ ಆಪ್ಷನ್ಸ್‌ನಲ್ಲಿ ಸೇವ್ ಭಾಗಕ್ಕೆ ಹೋಗಿ ಎಂಬೆಡ್ ಫಾಂಟ್ಸ್ ಇನ್ ದ ಫೈಲ್‌ಗೆ ಗುರುತು ಹಾಕಿ ಸೇವ್ ಮಾಡಿ, ಜೊತೆಗೆ ಫಾಂಟ್‌ನ ಟಿಟಿಎಫ್ ಫೈಲನ್ನೂ ಅದೇ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಿ. ನಾನು ಹೇಳಿದ ಗೂಗಲ್ ಫಾಂಟ್ಸ್‌ನ ಕನ್ನಡ ಫಾಂಟ್‌ಗಳಿಗೆ ಮುಕ್ತ ಪರವಾನಗಿ ಇದೆ, ಹಾಗೆ ಹಂಚಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.